ಉಭಯವೇತನ

ನಮ್ಮ ರಾಯಚೂರು ಸೀಮೆಯ ಮಾತಿನಲ್ಲಿ ನಿಜಾಮಶಾಹಿಯ ಕಚೇರಿ ಭಾಷೆಯಿಂದ ಉಳಿದುಬಂದ ಶಬ್ದಗಳು ಬಹಳ. ತಹಶೀಲು, ದಫ್ತರ, ಪಂಚನಾಮೆ, ಜಮಾಬಂದಿ ಇವೆಲ್ಲ ಈಗ ಕನ್ನಡವೇ ಆಗಿಹೋಗಿವೆ. ಅದೇ ಸಾಲಿಗೆ ಸೇರಿದ ಇನ್ನೊಂದು ಶಬ್ದ ‘ಮುಖಬಿರ’. ಸುದ್ದಿಯನ್ನು ಗುಟ್ಟಾಗಿ ಮುಟ್ಟಿಸುವವನು ಎಂದು ಅದರ ಅರ್ಥ. ಉರ್ದುವಿನಲ್ಲಿ ಅದು ಒಂದು ಕೆಲಸದ ಹೆಸರು. ನಾನು ಬಾಲ್ಯದಲ್ಲಿ ಮಾನ್ವಿಯಲ್ಲಿ ಕೇಳುವ ಹೊತ್ತಿಗೆ ಅದು ಬೈಗುಳವಾಗಿತ್ತು. ಕಳ್ಳನೆಂದು ಕರೆಸಿಕೊಂಡವನು ಜಗಳಕ್ಕೆ ಬರುತ್ತಿದ್ದ; ಮುಖಬಿರನೆಂದು ಕರೆಸಿಕೊಂಡವನು ತಲೆ ತಗ್ಗಿಸಿ ಹೋಗುತ್ತಿದ್ದ. ಎಷ್ಟೋ ವರ್ಷ ಮರೆತಿದ್ದ ಈ ಶಬ್ದ ಮತ್ತೆ ನೆನಪಿಗೆ ಬಂದದ್ದು, ಮಗನ ಮನೆಯಲ್ಲಿ ಒಂದು ರಾತ್ರಿ ನೋಡಿದ ಇಂಗ್ಲಿಷ್ ಚಲನಚಿತ್ರದಿಂದ.

ಚಿತ್ರದ ಹೆಸರು ‘ಷಾಡೋ ಡ್ಯಾನ್ಸರ್’. ಟಾಮ್ ಬ್ರಾಡ್ಬಿ ಎಂಬ ಪತ್ರಕರ್ತ ಬರೆದ ಕಾದಂಬರಿಯನ್ನು ಆಧರಿಸಿ ಜೇಮ್ಸ್ ಮಾರ್ಷ್ ಅದನ್ನು ನಿರ್ದೇಶಿಸಿದರು, ತೆರೆಕಂಡದ್ದು 2012ರಲ್ಲಿ. ಕಥೆ ನಡೆಯುವುದು 1993ರ ಬೆಲ್‌ಫಾಸ್ಟ್ ನಗರದಲ್ಲಿ. ಬ್ರಿಟಿಷರ ಆಳ್ವಿಕೆಯನ್ನು ಕೊನೆಗಾಣಿಸಲು ಶಸ್ತ್ರ ಹಿಡಿದ ಐ.ಆರ್.ಎ. ಎಂಬ ಗುಪ್ತ ಸೇನೆಯ ಕುಟುಂಬವೊಂದರ ಹೆಣ್ಣುಮಗಳು ಕೊಲೆಟ್. ಲಂಡನ್ನಿನ ಸುರಂಗ ರೈಲು ನಿಲ್ದಾಣದಲ್ಲಿ ಬಾಂಬಿನ ಚೀಲವನ್ನಿಟ್ಟು ಬರುವಾಗ ಆಕೆ ಸಿಕ್ಕಿಬೀಳುತ್ತಾಳೆ. ಬ್ರಿಟಿಷ್ ಗುಪ್ತಚಾರ ಇಲಾಖೆಯ ಮ್ಯಾಕ್ ಎಂಬ ಅಧಿಕಾರಿ ಅವಳ ಮುಂದೆ ಎರಡು ದಾರಿಗಳನ್ನಿಡುತ್ತಾನೆ: ಸೆರೆಮನೆಗೆ ಹೋಗಿ ಚಿಕ್ಕ ಮಗನಿಂದ ದೂರವಾಗಬೇಕು, ಇಲ್ಲವೇ ಮನೆಗೆ ಮರಳಿ ಸ್ವಂತ ಅಣ್ಣತಮ್ಮಂದಿರ ಸುದ್ದಿಯನ್ನು ತನಗೆ ಮುಟ್ಟಿಸುತ್ತಿರಬೇಕು. ಅವಳು ಮನೆಗೆ ಮರಳುತ್ತಾಳೆ.

ಅನಂತರ ಚಿತ್ರದಲ್ಲಿ ಗುಂಡಿನ ಸದ್ದು ಕಡಿಮೆ. ಅಡುಗೆಮನೆ, ಮಗುವಿನ ಹಾಸಿಗೆ, ತಾಯಿಯ ಮೌನ, ಇವೇ ಹೆಚ್ಚು. ಪೊಲೀಸ್ ಅಧಿಕಾರಿಯೊಬ್ಬನನ್ನು ಕೊಲ್ಲುವ ಹಂಚಿಕೆಯೊಂದು ಕೆಡುತ್ತದೆ. ಯಾರೋ ಒಳಗಿನವರೇ ಸುದ್ದಿ ಕೊಟ್ಟಿದ್ದಾರೆಂದು ಸಂಘಟನೆಗೆ ಖಾತ್ರಿಯಾಗುತ್ತದೆ. ವಿಚಾರಣೆಗೆಂದು ಅವಳನ್ನು ಕರೆದೊಯ್ದ ಮನೆಯಲ್ಲಿ ಕೋಣೆಯೊಂದರ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಏಕೆ ಹಾಸುತ್ತಿದ್ದಾರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇತ್ತ ಮ್ಯಾಕನಿಗೆ ಒಂದು ಸಂಗತಿ ತಿಳಿಯುತ್ತದೆ: ತನ್ನ ಮೇಲಧಿಕಾರಿಗಳು ಕೊಲೆಟ್‌ಳನ್ನು ಆರಿಸಿದ್ದೇ ಬಲಿಗೆಂದು, ಸಂಶಯವೆಲ್ಲ ಅವಳ ಕಡೆ ಹರಿದರೆ, ಇನ್ನೂ ಹಳೆಯ, ಇನ್ನೂ ಬೆಲೆಬಾಳುವ ಬೇಹುಗಾರರೊಬ್ಬರು ಉಳಿಯುತ್ತಾರೆ. ಆ ಹಳೆಯ ಬೇಹುಗಾರ ಬೇರಾರೂ ಅಲ್ಲ, ಕೊಲೆಟ್‌ಳ ತಾಯಿ. ಒಂದೇ ಸೂರಿನ ಕೆಳಗೆ ತಾಯಿ ಮಗಳು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಕೆಲಸ ಮಾಡುತ್ತಿರುತ್ತಾರೆ.

ಕಥೆ ಕಟ್ಟಲು ಹೂಡಿದ ತಂತ್ರವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಐ.ಆರ್.ಎ.ಯೊಳಗೆ ಬೇಹುಗಾರರನ್ನು ಹುಡುಕಿ ಕೊಲ್ಲುತ್ತಿದ್ದ ತುಕಡಿಯಲ್ಲಿಯೇ ಬ್ರಿಟಿಷ್ ಸೈನ್ಯದ ಬೇಹುಗಾರನೊಬ್ಬನಿದ್ದ. ‘ಸ್ಟೇಕ್‌ನೈಫ್’ ಎಂಬುದು ಅವನ ಗುಪ್ತನಾಮ. ಅವನ ಕೃತ್ಯಗಳನ್ನು ಕುರಿತ ‘ಕೆನೋವಾ’ ತನಿಖೆಯ ಮಧ್ಯಂತರ ವರದಿ 2024ರ ಮಾರ್ಚ್ ತಿಂಗಳಲ್ಲಿ ಹೊರಬಂತು. ಆತನಿಂದ ಉಳಿದ ಜೀವಗಳಿಗಿಂತ ಹೋದ ಜೀವಗಳೇ ಬಹುಶಃ ಹೆಚ್ಚೆಂಬುದು ಅದರ ನಿರ್ಣಯ.

ಕೊಲೆಟ್‌ಳ ಮುಂದೆ ಮ್ಯಾಕ್ ಒಡ್ಡಿದ ಷರತ್ತನ್ನು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಕೌಟಿಲ್ಯ. ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಗೂಢಪುರುಷರ ವಿಚಾರ ವಿಸ್ತಾರವಾಗಿ ಬರುತ್ತದೆ. ಕಪಟ ಶಿಷ್ಯ, ಸನ್ಯಾಸ ಬಿಟ್ಟವನು, ಒಕ್ಕಲಿಗ, ವ್ಯಾಪಾರಿ, ತಾಪಸ ಎಂದು ನೆಲೆನಿಂತು ಬೇಹು ನಡೆಸುವವರು ಐದು ಬಗೆ, ತಿರುಗಾಡುವವರು ಬೇರೆ. ಅಲ್ಲಿಯೇ ‘ಉಭಯವೇತನ’ ಎಂಬ ಪಾರಿಭಾಷಿಕ ಶಬ್ದವೂ ಬರುತ್ತದೆ. ಎರಡು ಕಡೆಯಿಂದ ಸಂಬಳ ಪಡೆಯುವವನು, ಅಂದರೆ ಹಗೆಯ ಬಳಿ ಚಾಕರಿಗಿದ್ದು ನಮಗೆ ಸುದ್ದಿ ತರುವವನು. ಅಂಥವನನ್ನು ನೇಮಿಸುವಾಗ ಅವನ ಹೆಂಡತಿ ಮಕ್ಕಳನ್ನು ತನ್ನ ವಶದಲ್ಲಿಟ್ಟುಕೊಂಡಿರಬೇಕೆಂದು ಕೌಟಿಲ್ಯ ಹೇಳುತ್ತಾನೆ. ಎರಡು ಸಾವಿರ ವರ್ಷಗಳ ಹಿಂದಿನ ಆ ವಿಧಿಯೇ ಕೋಟು ತೊಟ್ಟು ಲಂಡನ್ನಿನ ಕೋಣೆಯೊಂದರಲ್ಲಿ ಕುಳಿತಂತಿತ್ತು. ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ, ಮುಂದೆ ನನಗೆ ಬೇಕಾದದ್ದು: ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಹೇಳಿಕೆ ಒಂದೇ ಆದಾಗ ಮಾತ್ರ ಸುದ್ದಿಯನ್ನು ನಂಬಬೇಕು.

ಬೇಹಿನ ಕಥೆ ಕನ್ನಡಕ್ಕೆ ಹೊಸತಲ್ಲ. ಹೊಸಗನ್ನಡ ಗದ್ಯದ ಹೊಸ್ತಿಲಲ್ಲಿ ನಿಂತಿರುವ ಕೃತಿ ಕೆಂಪುನಾರಾಯಣನ ‘ಮುದ್ರಾಮಂಜೂಷ’, 1823ರದ್ದು. ವಿಶಾಖದತ್ತನ ‘ಮುದ್ರಾರಾಕ್ಷಸ’ದ ವಸ್ತುವೇ ಅದರದೂ. ಅಲ್ಲಿ ಚಾಣಕ್ಯನ ಬೇಹುಗಾರರು ಅಮಾತ್ಯ ರಾಕ್ಷಸನ ಬಳಗದಲ್ಲಿ ಗೆದ್ದಲಿನಂತೆ ತುಂಬಿದ್ದಾರೆ. ಸಂಸ್ಕೃತ ನಾಟಕದಲ್ಲಿ ರಾಕ್ಷಸನ ಆಪ್ತಮಿತ್ರನೆನಿಸಿದ ಕ್ಷಪಣಕ ಜೀವಸಿದ್ಧಿಯೂ ಹಗೆಯ ಕಡೆಯವನೆಂದು ತಿಳಿದ ಗಳಿಗೆಯಲ್ಲಿ ರಾಕ್ಷಸನ ಎದೆ ಒಡೆಯುತ್ತದೆ. ಅವನ ದುಃಖವನ್ನು ನಾವು ಕಾಣುತ್ತೇವೆ. ಚಾಣಕ್ಯನ ಜಾಣ್ಮೆಗೆ ತಲೆದೂಗುತ್ತೇವೆ. ಆದರೆ ನಿತ್ಯ ಆ ಮಿತ್ರನ ಪಕ್ಕದಲ್ಲಿ ಕುಳಿತು ಅವನನ್ನು ಮಾರುತ್ತಿದ್ದ ಜೀವಸಿದ್ಧಿಯ ಮನಸ್ಸಿನಲ್ಲಿ ಏನಿತ್ತು? ನಾಟಕಕಾರ ಅತ್ತ ನೋಡುವುದಿಲ್ಲ. ತರಗತಿಯಲ್ಲಿ ವರ್ಷಗಟ್ಟಲೆ ಈ ವಸ್ತುವನ್ನು ಕುರಿತು ಮಾತನಾಡಿದ ನಾನೂ ನೋಡಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಆ ಕಡೆಗೆ ದೀಪ ಹಿಡಿದದ್ದು ಚಲನಚಿತ್ರ. ಜಾನ್ ಫೋರ್ಡ್ 1935ರಲ್ಲಿ ನಿರ್ದೇಶಿಸಿದ ‘ದಿ ಇನ್‌ಫಾರ್ಮರ್’ ಇದಕ್ಕೆ ಹಳೆಯ ನಿದರ್ಶನ. ಲಿಯಾಮ್ ಓ’ಫ್ಲಾಹರ್ಟಿಯ 1925ರ ಕಾದಂಬರಿ ಅದರ ಮೂಲ. 1922ರ ಡಬ್ಲಿನ್. ಸಂಘಟನೆಯಿಂದ ಹೊರಬಿದ್ದು ಹಸಿದು ಅಲೆಯುತ್ತಿರುವ ಜಿಪೋ ಎಂಬ ದೈತ್ಯದೇಹಿ, ಇಪ್ಪತ್ತು ಪೌಂಡಿನ ಬಹುಮಾನಕ್ಕಾಗಿ ಗೆಳೆಯನನ್ನು ಹಿಡಿದುಕೊಡುತ್ತಾನೆ. ತನಗೂ ತನ್ನ ಹುಡುಗಿಗೂ ಅಮೆರಿಕೆಗೆ ಹೋಗಲು ಹಡಗಿನ ಖರ್ಚು ಅಷ್ಟೇ. ಒಂದೇ ರಾತ್ರಿಯಲ್ಲಿ ಆ ಹಣವೆಲ್ಲ ಕುಡಿತದಲ್ಲಿ, ದಾನದಲ್ಲಿ ಸೋರಿಹೋಗುತ್ತದೆ. ಗುಂಡು ತಿಂದು ಚರ್ಚಿಗೆ ತೆವಳಿಬಂದ ಅವನನ್ನು ಸತ್ತ ಗೆಳೆಯನ ತಾಯಿಯೇ ಕ್ಷಮಿಸುತ್ತಾಳೆ. ಫೋರ್ಡನಿಗೂ, ಜಿಪೋ ಆಗಿ ನಟಿಸಿದ ವಿಕ್ಟರ್ ಮೆಕ್‌ಲಾಗ್ಲೆನ್‌ನಿಗೂ ಆಸ್ಕರ್ ದೊರೆಯಿತು. ಮಂಜು ಸ್ವಲ್ಪ ಹೆಚ್ಚಾಯಿತೆಂದೂ ಕ್ಷಮೆ ಸ್ವಲ್ಪ ಸುಲಭವಾಯಿತೆಂದೂ ನನಗೆ ಅನ್ನಿಸುತ್ತದೆ. ಇರಲಿ, ವಂಚಿಸಿದವನ ಪಕ್ಕದಲ್ಲಿಯೇ ನಿಂತು ಕಥೆ ಹೇಳುವ ಧೈರ್ಯ ಅದರಲ್ಲಿದೆ.

ಈ ಧೈರ್ಯ ನಮ್ಮ ಕಥೆಗೆ ಬೇಕಾಗಿತ್ತು. ಏಕೆಂದರೆ ಬೆಲ್‌ಫಾಸ್ಟಿನಂಥ ಒಂದು ವರ್ಷವನ್ನು ರಾಯಚೂರು, ಮಾನ್ವಿ, ದೇವದುರ್ಗಗಳೂ ಕಂಡಿವೆ. ಬ್ರಿಟಿಷರು ಹೋದ ಮೇಲೆಯೂ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರದೆ ಉಳಿಯಿತು; ಬೀದರ, ಗುಲಬರ್ಗಾ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳು ಅದರಲ್ಲಿದ್ದವು. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು; ಆದರೆ ಇತ್ತೆಹಾದುಲ್ ಮುಸ್ಲಿಮೀನ್ ಸಂಸ್ಥೆಯ ಸ್ವಯಂಸೇವಕ ದಳ ದಿನೇ ದಿನೇ ಬೆಳೆಯಿತು. ‘ರಜಾಕಾರ’ ಎಂದರೆ ಸ್ವಯಂಸೇವಕನೆಂದೇ ಅರ್ಥ. ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದಲ್ಲಿ ಅದು ಸರಕಾರದ ಸೈನ್ಯವಲ್ಲದ ಸೈನ್ಯವಾಯಿತು. ಹಳ್ಳಿಗಳಲ್ಲಿ ಲೂಟಿ, ಕೊಲೆ ನಡೆದವು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯೆಯನ್ನು ಈ ಸೀಮೆ ಇನ್ನೂ ಮರೆತಿಲ್ಲ. ಭಾರತದಲ್ಲಿ ಸೇರಬೇಕೆಂದು ‘ಇಮ್ರೋಜ್’ ಪತ್ರಿಕೆಯಲ್ಲಿ ಬರೆದ ತರುಣ ಸಂಪಾದಕ ಶೋಯೆಬುಲ್ಲಾ ಖಾನರನ್ನು ಅದೇ ವರ್ಷ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು. ಗೆರೆ ಕೇವಲ ಮತದ್ದಾಗಿರಲಿಲ್ಲ ಎಂಬುದಕ್ಕೆ ಈ ಒಂದು ಸಾವು ಸಾಕು.

ಇದಿರಾಗಿ ಗಡಿಯಾಚೆ ಶಿಬಿರಗಳೆದ್ದವು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರಗಳನ್ನು ನಡೆಸಿದರು. ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆಯೇ ಗಡಿ. ಹರಿಗೋಲಿನಲ್ಲಿ ಹೊಳೆ ದಾಟಿದರೆ ಮದ್ರಾಸ್ ಪ್ರಾಂತ. ರಾಯಚೂರಿನಿಂದ ಆದವಾನಿಯತ್ತ ಹೋಗುವ ರೈಲು ಸೇತುವೆ ದಾಟಿದ ಕೂಡಲೇ ಭಾರತದಲ್ಲಿರುತ್ತಿತ್ತು. ದೇವದುರ್ಗದ ಸ್ಥಿತಿ ಬೇರೆ. ಅದರ ಉತ್ತರಕ್ಕೆ ಕೃಷ್ಣೆ ಹರಿದರೂ ಆಚೆಯ ದಂಡೆಯೂ ನಿಜಾಮರದೇ, ಓಡಿಹೋಗಲು ಜಾಗವಿಲ್ಲ. ಇಂಥ ಭೂಗೋಳದಲ್ಲಿ ಎಷ್ಟು ಬಂದೂಕಿದೆ ಎಂಬುದಕ್ಕಿಂತ ಯಾರು ಯಾವ ದಾರಿಯಲ್ಲಿ ಎಂದು ಬರುತ್ತಾರೆ ಎಂಬುದೇ ಮುಖ್ಯ. ಕನ್ನಡ, ತೆಲುಗು, ಉರ್ದು ಮೂರೂ ಬಲ್ಲವರು ಪ್ರತಿ ಪೇಟೆಯಲ್ಲಿದ್ದರು. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಎಲ್ಲರೂ ಕುಣಿದವರೇ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ನಮ್ಮ ಊರುಗಳಲ್ಲಿ ಸಿಗುವುದೇ ಕಷ್ಟ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು. 17ರಂದು ನಿಜಾಮರು ಹೈದರಾಬಾದಿನ ಬಾನುಲಿಯಲ್ಲಿ ಕದನವಿರಾಮ ಸಾರಿದರು. ಅನಂತರದ ವಾರಗಳಲ್ಲಿ ಸೇಡಿನ ಸರದಿ. ಪಂಡಿತ ಸುಂದರಲಾಲರ ಸಮಿತಿ ಸಂಸ್ಥಾನವನ್ನು ಸುತ್ತಿ, ಸತ್ತವರ ಸಂಖ್ಯೆ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸಲ್ಮಾನರು. ಆ ವರದಿಯನ್ನು ದಶಕಗಳ ಕಾಲ ಸಾರ್ವಜನಿಕರು ಕಾಣಲಾಗಲಿಲ್ಲ. ಯಾರು ರಜಾಕಾರ, ಯಾರು ಅಲ್ಲ ಎಂದು ಆ ದಿನಗಳಲ್ಲಿ ಬೆರಳು ತೋರಿಸಿದವರೂ ಒಂದು ಬಗೆಯ ಮುಖಬಿರರೇ.

ಈ ಕಾಲವನ್ನು ಕುರಿತ ಚಿತ್ರಗಳಿವೆ. ಗೌತಮ್ ಘೋಷರ ತೆಲುಗು ಚಿತ್ರ ‘ಮಾ ಭೂಮಿ’ 1980ರಲ್ಲಿ ತೆರೆಕಂಡಿತು. ತೆಲಂಗಾಣದ ರೈತನ ಕಣ್ಣಿನಿಂದ ಅದು ಎಲ್ಲವನ್ನೂ ನೋಡಿತು. 2024ರಲ್ಲಿ ಬಂದ ‘ರಜಾಕಾರ್’ ಚಿತ್ರದ ದೃಷ್ಟಿ ದೌರ್ಜನ್ಯದ ಮೇಲೆ ನೆಟ್ಟಿದೆ. ಎರಡು ಕಡೆಯವರಿಗೂ ಪರಿಚಿತನಾಗಿ, ಇಬ್ಬರಿಗೂ ಅಂಜುತ್ತ ಹೊಳೆಯ ದಂಡೆಯಲ್ಲಿ ನಿಂತವನ ಚಿತ್ರವನ್ನು ನಾನು ಕನ್ನಡದಲ್ಲಿ ಕಾಯುತ್ತಿದ್ದೇನೆ.

ಕಾಯುವುದಕ್ಕೆ ನನ್ನದೇ ಒಂದು ಕಾರಣವಿದೆ. ನಮ್ಮ ತಂದೆಯ ಊರು ದೇವದುರ್ಗದ ಕಡೆ; ಬೇಸಗೆಯ ರಜೆಗೆ ಹೋಗುತ್ತಿದ್ದೆವು. ತಹಶೀಲ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಅರ್ಜಿ ಬರೆದುಕೊಡುವ ಹಿರಿಯರೊಬ್ಬರು ಕೂರುತ್ತಿದ್ದರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆದವರು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಬರೆದರು, ಅಕ್ಷರ ಮುತ್ತಿನಂತಿತ್ತು. ಅವರು ಚಹಾದಂಗಡಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವರು ಮುಖಬಿರ ಎಂದು ಜನ ಹೇಳುತ್ತಿದ್ದರು. ಯಾರ ಮುಖಬಿರ? ಒಬ್ಬರು ಹೇಳಿದ್ದು, ಶಿಬಿರಕ್ಕೆ ಹೋದವರ ಹೆಸರುಗಳನ್ನು ರಜಾಕಾರರಿಗೆ ಕೊಟ್ಟರೆಂದು. ಇನ್ನೊಬ್ಬರು ಹೇಳಿದ್ದು, ರಜಾಕಾರರ ಸುಳಿವನ್ನು ಶಿಬಿರಕ್ಕೆ ಕಳಿಸಿದರೆಂದು. ಮೂರನೆಯವರು ಹೇಳಿದ್ದು, ಇಬ್ಬರಿಂದಲೂ ಹಣ ತಿಂದರೆಂದು. ಸೆಪ್ಟೆಂಬರಿಗೆ ಮುಂಚೆಯೂ ಅನಂತರವೂ ಅವರ ಕೂದಲು ಕೊಂಕಲಿಲ್ಲ ಎಂಬುದೊಂದೇ ಎಲ್ಲರ ಸಾಕ್ಷ್ಯ. ಕೌಟಿಲ್ಯನ ಮುಂದೆ ಈ ಮೂವರ ಹೇಳಿಕೆ ನಿಲ್ಲುತ್ತಿರಲಿಲ್ಲ, ಊರಿನಲ್ಲಿ ನಿಂತಿತು.

ಸ್ವಾತಂತ್ರ್ಯ ಯೋಧರಿಗೆ ಕೇಂದ್ರ ಸರಕಾರ 1972ರಲ್ಲಿ ಪಿಂಚಣಿ ಆರಂಭಿಸಿತು. ಮುಂದೆ ಗಡಿ ಶಿಬಿರಗಳಲ್ಲಿದ್ದವರೂ ಅರ್ಜಿ ಹಾಕತೊಡಗಿದಾಗ, ಅವುಗಳನ್ನು ಬರೆಸಿಕೊಳ್ಳಲು ಜನ ಬಂದದ್ದು ಅದೇ ಬೇವಿನ ಮರದ ಕೆಳಗೆ. ಯಾವ ಶಿಬಿರ, ಯಾವ ತಿಂಗಳು, ಜೊತೆಗೆ ಯಾರಿದ್ದರು ಎಂಬುದನ್ನು ಅರ್ಜಿದಾರ ಮರೆತರೆ ಬರೆಯುವವರೇ ನೆನಪು ಮಾಡಿಕೊಡುತ್ತಿದ್ದರಂತೆ. ಅಷ್ಟೆಲ್ಲ ಅವರಿಗೆ ಹೇಗೆ ಗೊತ್ತು ಎಂದು ಜನ ಮತ್ತೆ ಪಿಸುಗುಟ್ಟಿದರು. ತಮ್ಮ ಹೆಸರಿನಲ್ಲಿ ಅವರು ಒಂದು ಅರ್ಜಿಯನ್ನೂ ಬರೆದುಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ, ಆಗ ಕಾಲೇಜಿನಲ್ಲಿ ಕಲಿಸುತ್ತಿದ್ದ ನನ್ನನ್ನು ಅವರ ಮನೆಯವರು ಕರೆಸಿ ಒಂದು ಟ್ರಂಕು ತೆರೆದು ತೋರಿಸಿದರು. ಅದರಲ್ಲಿ ಛಾಪಾ ಕಾಗದ, ಒಣಗಿದ ಶಾಯಿಯ ದೌತಿ, ಪರರ ಅರ್ಜಿಗಳ ಕರಡುಗಳು. ಒಂದೊಂದಾಗಿ ಎಲ್ಲವನ್ನೂ ಓದಿದೆ. ಅವರನ್ನು ಬಿಡಿಸುವಂಥದೂ ಸಿಕ್ಕಿಸುವಂಥದೂ ಯಾವುದೂ ಇರಲಿಲ್ಲ.

ಆ ದಿನ ಮನೆಗೆ ಬಂದು ತಂದೆಯನ್ನು ಕೇಳಿದೆ, “ಅಪ್ಪಾ, ಅವರು ನಿಜವಾಗಿ ಮುಖಬಿರ ಇದ್ದರೇನು?” ಎಂದು. ತಂದೆ ಬಹಳ ಹೊತ್ತು ಸುಮ್ಮನಿದ್ದರು. “ಯಾರು ಯಾರ ಮುಂದ ಏನು ಹೇಳ್ಯಾರಂತ ಈಗ ಹೆಂಗ ಹೇಳೋದಪ್ಪ? ನಮ್ಮ ಹೊಲದ ಅರ್ಜಿ ಅವರೇ ಬರ್ದು ಕೊಟ್ಟಿದ್ರು. ರೊಕ್ಕ ತೊಗೊಳಲಿಲ್ಲ,” ಎಂದು ಹೇಳಿ ಎದ್ದು ಒಳಗೆ ಹೋದರು.