ಡ್ರೈವರ್ ಇಲ್ಲದ ಕಾರಿಗೆ ದಂಡ ಹಾಕುವುದು ಹೇಗೆ?

ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್ ಊರಿನಲ್ಲಿ ನನ್ನ ಮಗನ ಮನೆ. ಅಲ್ಲಿಗೆ ಹೋಗಿದ್ದಾಗ ಒಂದು ಸಂಜೆ ಮಗ ಫೋನಿನಲ್ಲಿ ಬಾಡಿಗೆ ಕಾರು ಕರೆಸಿದ. ಬಂತು, ಬಾಗಿಲ ಮುಂದೆ ನಿಂತಿತು. ನೋಡಿದರೆ ಡ್ರೈವರ್ ಸೀಟು ಖಾಲಿ!

"ಹೆದರ್ಬೇಡಿ ತಾತ, ಇದಕ್ಕೆ ಸುತ್ತಲೂ ಕಣ್ಣಿದೆ" ಎಂದಳು ಮೊಮ್ಮಗಳು. ಕ್ಯಾಮೆರಾ, ರೇಡಾರ್, ಲೇಸರ್ ಕಿರಣದಿಂದ ದೂರ ಅಳೆಯುವ ಲೈಡಾರ್, ಇವೇ ಆ ಕಣ್ಣುಗಳು. ನಾನಂತೂ ದಾರಿಯುದ್ದಕ್ಕೂ ಬೆಲ್ಟನ್ನು ಗಟ್ಟಿಯಾಗಿ ಹಿಡಿದೇ ಕೂತಿದ್ದೆ. ಹೆದರಿಕೆಗೆ ಕಾರಣವೂ ಇತ್ತು. 2018ರಲ್ಲಿ ಪಕ್ಕದ ಟೆಂಪೆ ನಗರದಲ್ಲಿ, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಇಂಥ ಪ್ರಯೋಗದ ಕಾರು ಬಡಿದು ತೀರಿಕೊಂಡಿದ್ದರು. ಆ ಕಾರಿನೊಳಗೆ ನಿಗಾ ಇಡಲು ಒಬ್ಬರು ಕೂತಿದ್ದರೂ ಹಾಗಾಯಿತು.

ಕಾರು ಮಾಡುವುದು ಕಂಪನಿಯ ಕೆಲಸ. ಊರಿನ ಆಡಳಿತ ಏನು ಮಾಡಬೇಕು? ಅದೇ 2018ರಲ್ಲಿ ಚಾಂಡ್ಲರ್ ನಗರಾಡಳಿತ ಕಟ್ಟಡದ ನಿಯಮ ತಿದ್ದಿತು. ಜನ ಇಳಿದು ಹತ್ತಲು ಬೇರೆ ಜಾಗ ಬಿಟ್ಟವರಿಗೆ ಪಾರ್ಕಿಂಗ್ ಜಾಗದಲ್ಲಿ ಶೇ 40ರವರೆಗೆ ರಿಯಾಯಿತಿ! ನಮ್ಮನ್ನು ಇಳಿಸಿ ಹೊರಟುಹೋಗುವ ಕಾರಿಗೆ ನಿಲ್ಲುವ ಜಾಗ ಯಾಕೆ ಬೇಕು, ಹೇಳಿ?

ಸ್ಯಾನ್ ಫ್ರಾನ್ಸಿಸ್ಕೋದ ಕಥೆ ಬೇರೆ. 2023ರ ಜನವರಿಯಲ್ಲಿ ಅಲ್ಲೊಂದು ಕಡೆ ಬೆಂಕಿ ಬಿದ್ದಿತ್ತು. ಅಗ್ನಿಶಾಮಕ ದಳದವರು ಹಾಸಿದ್ದ ನೀರಿನ ಪೈಪುಗಳತ್ತ ಚಾಲಕನಿಲ್ಲದ ಕಾರೊಂದು ಬಂತು. ಕೈ ಅಡ್ಡ ಹಿಡಿದರೆ ಅದಕ್ಕೆ ತಿಳಿಯಬೇಕಲ್ಲ! ಕೊನೆಗೆ ಗಾಜು ಒಡೆದು ನಿಲ್ಲಿಸಬೇಕಾಯಿತು. ನಗರ ಆಕ್ಷೇಪಿಸಿದರೂ ಪರವಾನಗಿ ಕೊಡುವ ಅಧಿಕಾರ ರಾಜ್ಯದ್ದು. ಅದೇ ಆಗಸ್ಟ್‌ನಲ್ಲಿ ಇನ್ನಷ್ಟು ಕಾರುಗಳಿಗೆ ಅನುಮತಿ ಸಿಕ್ಕಿತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಚೀಟಿ, ರಸೀದಿಯದ್ದೇ ಯೋಚನೆ. ಸಿಗ್ನಲ್ ದಾಟಿದರೆ ಚಲನ್ ಯಾರ ಹೆಸರಿಗೆ? ಕ್ಯಾಲಿಫೋರ್ನಿಯಾ 2024ರಲ್ಲಿ ಇದಕ್ಕೊಂದು ಕಾಯ್ದೆ ಮಾಡಿ, 2026ರ ಜುಲೈನಿಂದ ಜಾರಿ ಎಂದಿತು. ಪೊಲೀಸರು ಕಂಪನಿಗೇ ತಪ್ಪಿನ ನೋಟಿಸ್ ಕೊಡಬಹುದು. ಬೆಂಕಿ, ಅಪಘಾತವಾದ ಕಡೆಯಿಂದ ದೂರವಿರಿ ಎಂದು ಸಂದೇಶ ಹೋದರೆ ಎರಡೇ ನಿಮಿಷದಲ್ಲಿ ಕಂಪನಿ ತನ್ನ ಕಾರುಗಳಿಗೆ ತಿಳಿಸಬೇಕು.

ಇಂಥ ಕಾರಿಗೆ ರಸ್ತೆಯ ಬಿಳಿ ಗೆರೆಗಳು ಸ್ಪಷ್ಟವಾಗಿದ್ದಷ್ಟೂ ಒಳ್ಳೆಯದು. ಮೊನ್ನೆ ಮೊಮ್ಮಗಳು ಫೋನಿನಲ್ಲಿ, "ತಾತ, ನಿಮ್ಮೂರಿಗೆ ಆ ಕಾರು ಯಾವಾಗ ಬರುತ್ತೆ?" ಎಂದು ಕೇಳಿದಳು. ನಮ್ಮ ಶಾಲೆಯ ಮುಂದಿನ ಜೀಬ್ರಾ ಪಟ್ಟೆ ನನ್ನ ಕಣ್ಣಿಗೇ ಕಾಣುವುದಿಲ್ಲ, ಅದಕ್ಕೆ ಬಣ್ಣ ಬಳಿಸಿ ಅಂತ ಪುರಸಭೆಗೆ ಅರ್ಜಿ ಕೊಟ್ಟು ಬಂದಿದ್ದೇನೆ ಎಂದೆ.