ಕಳ್ಳಗಾಳಿ ಹೊಕ್ಕ ಎಂಜಿನ್

ಕೆಸರು ಗುಡ್ಡ ಹತ್ತಿಳಿದ ಟೂ-ಸ್ಟ್ರೋಕ್ ಡರ್ಟ್ ಬೈಕ್ ನ್ಯೂಟ್ರಲ್‌ನಲ್ಲಿ ನಿಂತಿದೆ. ಸವಾರ ಎಕ್ಸಲರೇಟರ್ ಪೂರ್ತಿ ಬಿಟ್ಟಿದ್ದಾನೆ, ಆದರೂ ಎಂಜಿನ್ನಿನ ಸದ್ದು ಇಳಿಯುತ್ತಿಲ್ಲ. ತಾನಾಗಿಯೇ ರೇಸ್ ಆಗುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಹೋಗುವುದು ಕಾರ್ಬುರೇಟರಿನ ಸ್ಕ್ರೂ ಕಡೆಗೆ. ತಿರುಗಿಸಿದರೆ ಸದ್ದು ತಗ್ಗಲೂಬಹುದು. ರೋಗ ಮಾತ್ರ ಒಳಗೇ ಉಳಿಯುತ್ತದೆ, ಮುಂದಿನ ಏರಿನಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗಬಹುದು.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಕಿಡಿ. ಯಮಹಾ ಕಂಪನಿಯ ಮೊಟೊಕ್ರಾಸ್ ಬೈಕ್ ವೈಝಡ್250ಯನ್ನೇ ತೆಗೆದುಕೊಳ್ಳಿ: ಬೋರು 66.4 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಅದು ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಸೆಕೆಂಡಿಗೆ 133 ಸಲ ಪೆಟ್ರೋಲು ಉರಿಯುತ್ತದೆ, ಪಿಸ್ಟನ್ ಸರಾಸರಿ ಸೆಕೆಂಡಿಗೆ 19 ಮೀಟರ್ ವೇಗದಲ್ಲಿ ಓಡುತ್ತದೆ. ಸಿಲಿಂಡರ್ ಹೆಡ್ಡಿನಲ್ಲಿ ವಾಲ್ವ್‌ಗಳಿಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ.

ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸು ಕಮ್ಮಾರನ ತಿದಿಯಿದ್ದಂತೆ. ಪಿಸ್ಟನ್ ಮೇಲೇರಿದಾಗ ಅಲ್ಲಿ ಒತ್ತಡ ಇಳಿದು, ರೀಡ್ ವಾಲ್ವಿನ ತೆಳು ಪತ್ತಿಗಳು ತೆರೆದುಕೊಂಡು, ಗಾಳಿ-ಪೆಟ್ರೋಲಿನ ಮಿಶ್ರಣ ಒಳಬರುತ್ತದೆ. ಪಿಸ್ಟನ್ ಇಳಿದಾಗ ಅದೇ ಮಿಶ್ರಣ ಒತ್ತಿಸಿಕೊಂಡು ಸಿಲಿಂಡರಿಗೆ ಹಾರುತ್ತದೆ. ಕ್ರ್ಯಾಂಕಿನ ಬೇರಿಂಗಿಗೂ ಪಿಸ್ಟನ್ನಿಗೂ ಆಯಿಲ್ ಸಿಗುವುದು ಈ ಮಿಶ್ರಣದಿಂದಲೇ. 40ಕ್ಕೆ 1ರ ಪ್ರಮಾಣವೆಂದರೆ ಲೀಟರ್ ಪೆಟ್ರೋಲಿಗೆ 25 ಮಿ.ಲೀ. ಟೂ-ಟಿ ಆಯಿಲ್. ಎಂಜಿನ್ ತಂಪಾಗಿರಲೆಂದು ಅಂದಾಜಿಗೆ ಇನ್ನಷ್ಟು ಆಯಿಲ್ ಸುರಿಯುವವರಿದ್ದಾರೆ. ಆಯಿಲ್ ಹೆಚ್ಚಿದಷ್ಟೂ ಅದೇ ಜೆಟ್ಟಿನಿಂದ ಹೊರಬರುವ ಪೆಟ್ರೋಲು ಕಡಿಮೆಯಾಗುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡಿದ್ದು ಮಿಶ್ರಣವನ್ನು ಲೀನ್ ಮಾಡುತ್ತದೆ. ಅಳತೆ ಲೋಟ ಬಳಸುವುದೇ ಸರಿ.

ಈ ತಿದಿಗೆ ತೂತು ಬಿದ್ದರೆ ಏನಾದೀತು? ಕ್ರ್ಯಾಂಕಿನ ಎರಡು ತುದಿಗಳಿಗೂ ರಬ್ಬರಿನ ಆಯಿಲ್ ಸೀಲುಗಳಿವೆ. ಮ್ಯಾಗ್ನೆಟ್ ಬದಿಯ ಸೀಲು ಸವೆದರೆ ಹೊರಗಿನ ಗಾಳಿ ಕಾರ್ಬುರೇಟರನ್ನು ಬಳಸದೆ ನೇರವಾಗಿ ಒಳನುಗ್ಗುತ್ತದೆ. ಆ ಗಾಳಿಯ ಜೊತೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಐಡಲಿನಲ್ಲಿ ಎಂಜಿನ್ ತಾನಾಗಿ ಏರುವುದಕ್ಕೆ, ಬಿಸಿ ಮಿತಿಮೀರುವುದಕ್ಕೆ ಇದೇ ಕಾರಣ. ಕ್ಲಚ್ ಬದಿಯ ಸೀಲು ಹೋದರೆ ಲಕ್ಷಣವೇ ಬೇರೆ: ಗೇರ್ ಆಯಿಲ್ ಒಳಗೆ ಎಳೆದುಕೊಂಡು ಉರಿಯುತ್ತದೆ, ಸೈಲೆನ್ಸರಿನಿಂದ ದಟ್ಟ ಹೊಗೆ ಬರುತ್ತದೆ, ಎಲ್ಲೂ ಸೋರಿದ ಗುರುತಿಲ್ಲದೆ ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗುತ್ತದೆ.

ಪತ್ತೆಹಚ್ಚುವುದು ಸುಲಭ. ಎಕ್ಸಾಸ್ಟ್ ಕಿಂಡಿಗೂ ಕಾರ್ಬುರೇಟರ್ ಕೂರುವ ರಬ್ಬರ್ ಬಾಯಿಗೂ ಬಿರಡೆ ಹಾಕಿ, ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಗಾಳಿ ತುಂಬಿ, ಮೀಟರಿನ ಮುಳ್ಳನ್ನು ಕೆಲವು ನಿಮಿಷ ನೋಡಬೇಕು. ಮುಳ್ಳು ಬೇಗ ಇಳಿದರೆ ಸಿಲಿಂಡರಿನ ಬುಡದ ಪ್ಯಾಕಿಂಗ್, ರೀಡ್ ವಾಲ್ವಿನ ಅಂಚು, ಸೀಲುಗಳ ಮೇಲೆಲ್ಲ ಸೋಪುನೀರು ಹಚ್ಚಬೇಕು, ಗುಳ್ಳೆ ಎದ್ದಲ್ಲೇ ತೂತು. ಕಂಪ್ರೆಸರಿನ ಗಾಳಿ ಇಲ್ಲಿ ಬೇಡ. ಆ ಒತ್ತಡಕ್ಕೆ ಚೆನ್ನಾಗಿದ್ದ ಸೀಲೂ ಕಿತ್ತುಬಂದೀತು. ಇಷ್ಟು ಸರಳವಾದ ಈ ಪರೀಕ್ಷೆಯನ್ನು ಮಾಡದೆಯೇ ಎಂಜಿನ್ನಿಗೆ ಹೊಸ ಪಿಸ್ಟನ್ ಹಾಕಿ ಮುಚ್ಚುವುದು ಅರ್ಧ ಕೆಲಸ.

ಬಿಚ್ಚಿದ ಹಳೆಯ ಪಿಸ್ಟನ್ನನ್ನು ಮೂಲೆಗೆಸೆಯಬಾರದು, ಮೊದಲು ಓದಬೇಕು. ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಉದ್ದುದ್ದ ಗೀರಿದ್ದರೆ ಲೀನ್ ಮಿಶ್ರಣದ ಮೇಲೆ ಸಂಶಯ ಪಡಬೇಕು. ಸುತ್ತಲೂ ನಾಲ್ಕು ಕಡೆ ಉಜ್ಜಿದ ಗುರುತಿದ್ದರೆ, ಎಂಜಿನ್ ಬಿಸಿಯಾಗುವ ಮುಂಚೆಯೇ ಜೋರಾಗಿ ಓಡಿಸಿದ್ದಾರೆ: ಪಿಸ್ಟನ್ ಬೇಗ ಹಿಗ್ಗಿದೆ, ಸಿಲಿಂಡರ್ ಇನ್ನೂ ಹಿಗ್ಗಿಲ್ಲ. ಗಾಳಿ ಒಳಬರುವ ಬದಿಯ ಸ್ಕರ್ಟು ಸವೆದು ಮಂಕಾಗಿದ್ದರೆ ಫಿಲ್ಟರಿನಿಂದ ಧೂಳು ನುಸುಳಿದೆ. ಸ್ಪಾಂಜಿನ ಏರ್ ಫಿಲ್ಟರನ್ನು ತೊಳೆದು, ಒಣಗಿಸಿ, ಅಂಟು ಆಯಿಲ್ ಹಚ್ಚಿ, ಅಂಚಿಗೆ ಗ್ರೀಸ್ ಸವರಿ ಕೂರಿಸುವ ಕೆಲಸವನ್ನು ಧೂಳಿನ ಪ್ರತಿ ಸವಾರಿಯ ಬಳಿಕವೂ ಮಾಡಬೇಕು ಎನ್ನುವುದು ಇದಕ್ಕೇ.

ಸಿಲಿಂಡರಿನ ವಿಷಯಕ್ಕೆ ಬಂದರೆ ಮೈಸೂರಿನ ನೆನಪಾಗದಿರದು. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ, ಯೆಜ್ದಿ ಬೈಕುಗಳೂ ಟೂ-ಸ್ಟ್ರೋಕ್‌ಗಳೇ. ಅವುಗಳ 250 ಸಿಸಿ ಎಂಜಿನ್ನಿನ ಸಿಲಿಂಡರ್ ಎರಕದ ಕಬ್ಬಿಣದ್ದು. ಸವೆದರೆ ಲೇತಿನ ಅಂಗಡಿಯಲ್ಲಿ ಬೋರು ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರಾಯಿತು. ಕರ್ನಾಟಕದ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಕೈ ಪಳಗಿಸಿಕೊಂಡದ್ದು ಈ ಕೆಲಸದಲ್ಲಿ. ಇಂದಿನ ಮೊಟೊಕ್ರಾಸ್ ಬೈಕುಗಳಿಗೆ ಆ ದಾರಿ ಹಿಡಿಸದು. ಅಲ್ಯೂಮಿನಿಯಂ ಸಿಲಿಂಡರಿನ ಒಳಮೈಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳುವಾದ, ಬಲು ಗಟ್ಟಿಯಾದ ಲೇಪನವಿರುತ್ತದೆ. ಬೋರು ಹೊಡೆದರೆ ಲೇಪನವೇ ಹೋಗುತ್ತದೆ, ಮತ್ತೆ ಲೇಪಿಸಿ ತರಬೇಕು. ಆದರೆ ಸೀಜ್ ಆದ ಸಿಲಿಂಡರಿನಲ್ಲಿ ಗೀರು ಕಂಡ ಕೂಡಲೇ ಆಸೆ ಬಿಡಬೇಕಾಗಿಲ್ಲ. ಎಷ್ಟೋ ಸಲ ಅದು ಗೋಡೆಗೆ ಮೆತ್ತಿದ ಪಿಸ್ಟನ್ನಿನ ಅಲ್ಯೂಮಿನಿಯಂ ಅಷ್ಟೆ. ಆಮ್ಲವನ್ನು ಎಚ್ಚರದಿಂದ ಸವರಿ ಅದನ್ನು ಕರಗಿಸಿದರೆ ಕೆಳಗೆ ಲೇಪನ ಹಾಗೇ ಇರುತ್ತದೆ.

ಜೋಡಿಸುವಾಗ ಗಮನ ಬೇಡುವುದು ಸಣ್ಣ ಸಂಗತಿಗಳೇ. ಪಿಸ್ಟನ್ ತಲೆಯ ಬಾಣ ಎಕ್ಸಾಸ್ಟ್ ಕಡೆ ಇರಬೇಕು. ರಿಂಗಿನ ತುದಿಗಳು ಪಿಸ್ಟನ್ನಿನ ತೋಡಿನಲ್ಲಿರುವ ಪುಟ್ಟ ಪಿನ್ನಿಗೆ ಸರಿಯಾಗಿ ಕೂರಬೇಕು. ಆ ಪಿನ್ನಿಲ್ಲದಿದ್ದರೆ ರಿಂಗು ತಿರುಗಿ ಅದರ ತುದಿ ಕಿಂಡಿಗೆ ಸಿಕ್ಕಿ ಮುರಿದುಹೋಗುತ್ತಿತ್ತು. ಎಕ್ಸಾಸ್ಟ್ ಕಿಂಡಿಯಲ್ಲಿರುವ ಪವರ್ ವಾಲ್ವಿಗೆ ಕಟ್ಟಿದ ಮಸಿಯನ್ನೂ ಇದೇ ಹೊತ್ತಿನಲ್ಲಿ ಕೆರೆದು ತೆಗೆಯಬೇಕು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಸರ್ಕ್ಲಿಪ್ ಪ್ರತಿ ಸಲವೂ ಹೊಸದೇ ಆಗಬೇಕು, ಅದು ಒಳಗೆ ಬೀಳದಂತೆ ಹಾಕುವ ಮುನ್ನ ಕ್ರ್ಯಾಂಕ್‌ಕೇಸಿನ ಬಾಯಿಗೆ ಚೊಕ್ಕ ಬಟ್ಟೆ ತುರುಕಬೇಕು. ಆಮೇಲೆ ಎಂಜಿನ್ ಚಾಲೂ ಮಾಡಿ, ಬೆಚ್ಚಗಾದ ಮೇಲೆ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡುವುದು. ಹೀಗೆ ಎರಡು ಮೂರು ಸಲ ಆದಮೇಲೆ ರೇಡಿಯೇಟರಿನಲ್ಲಿ ಕೂಲೆಂಟ್ ಮಟ್ಟ ನೋಡಿ, ಕಡಿಮೆಯಾಗಿದ್ದರೆ ತುಂಬಿಸಿ, ಮೊದಲ ಟ್ಯಾಂಕು ಮುಗಿಯುವ ತನಕ ನಿಧಾನವಾಗಿಯೇ ಓಡಿಸಬೇಕು.