ಝಾಕ್ಸಾನ್ ಆಟವೂ ನಮ್ಮ ಮಕ್ಕಳ ಕಣ್ಣುಗಳೂ

1982ರಲ್ಲಿ ಜಪಾನಿನ ಸೆಗಾ ಸಂಸ್ಥೆಯು ಹೊರತಂದ ‘ಝಾಕ್ಸಾನ್’ ಎಂಬ ವಿಡಿಯೋ ಆಟದ ವಿಷಯದಲ್ಲಿ ಆಟಗಾರರ ಅಭಿಪ್ರಾಯ ಇಂದಿಗೂ ಎರಡು ಬಗೆಯಾಗಿದೆ. ಚಪ್ಪಟೆಯಾದ ಪರದೆಯ ಮೇಲೆ ಎತ್ತರ, ಅಗಲ, ಆಳ ಮೂರನ್ನೂ ತೋರಿದ ಅದರ ಚೆಲುವನ್ನು ಕೆಲವರು ಕೊಂಡಾಡುತ್ತಾರೆ. ವಿಮಾನವು ಎಷ್ಟು ಎತ್ತರದಲ್ಲಿದೆಯೆಂಬುದೇ ತಿಳಿಯದೆ ಮತ್ತೆ ಮತ್ತೆ ಗೋಡೆಗೆ ಬಡಿಯಬೇಕಾಗುವುದೆಂದು ಉಳಿದವರು ದೂರುತ್ತಾರೆ. ಈ ದೂರಿನ ಮೂಲವನ್ನು ವಿಚಾರಿಸಿದರೆ, ಮಕ್ಕಳ ತಂದೆತಾಯಿಗಳು ಅವಶ್ಯವಾಗಿ ತಿಳಿಯಬೇಕಾದ ಆರೋಗ್ಯದ ಸಂಗತಿಯೊಂದು ಹೊರಪಡುತ್ತದೆ.

ಆಟದ ಸ್ವರೂಪ ಸರಳವಾದುದು. ಶತ್ರುವಿನ ಕೋಟೆಯ ಮೇಲೆ ಪುಟ್ಟ ಯುದ್ಧವಿಮಾನವೊಂದು ಪರದೆಯಲ್ಲಿ ಓರೆಯಾಗಿ ಸಾಗುತ್ತದೆ. ಹಿಡಿಯನ್ನು ಹಿಂದಕ್ಕೆಳೆದರೆ ಅದು ಮೇಲೇರುತ್ತದೆ, ಮುಂದಕ್ಕೆ ತಳ್ಳಿದರೆ ಕೆಳಗಿಳಿಯುತ್ತದೆ. ಅಡ್ಡಬರುವ ಗೋಡೆಗಳ ಕಂಡಿಯಲ್ಲಿ ನುಸುಳಬೇಕು. ಇಂಧನದ ತೊಟ್ಟಿಗಳನ್ನು ಹೊಡೆದು ನಾಶಮಾಡಿದರೆ ನಮ್ಮ ವಿಮಾನಕ್ಕೇ ಇಂಧನ ತುಂಬುವುದೆಂಬ ವಿಚಿತ್ರ ನ್ಯಾಯವೂ ಇಲ್ಲುಂಟು!

ಇಂಜಿನಿಯರಿಂಗ್ ಓದಿದ ವಾಚಕರಿಗೆ ಡ್ರಾಯಿಂಗ್ ತರಗತಿಯ ಐಸೋಮೆಟ್ರಿಕ್ ಚಿತ್ರ ನೆನಪಿರಬಹುದು. ಝಾಕ್ಸಾನ್ ಆ ಬಳಗದ ಚಿತ್ರಣ. ಅದರ ಹೆಸರೂ ‘ಆಕ್ಸೊನೊಮೆಟ್ರಿಕ್’ ಎಂಬ ಪದದಿಂದಲೇ ಹುಟ್ಟಿದುದು. ಇಂಥ ಚಿತ್ರದಲ್ಲಿ ದೂರದ ವಸ್ತು ಚಿಕ್ಕದಾಗುವುದಿಲ್ಲ. ರೈಲುಹಳಿಗಳಂತೆ ಗೆರೆಗಳು ದೂರದಲ್ಲಿ ಕೂಡಿದಂತೆ ತೋರುವುದೂ ಇಲ್ಲ. ಆದುದರಿಂದ ಮೇಲೆ ಹಾರುವ ವಿಮಾನವೂ ಕೆಳಗೆ, ಆದರೆ ತುಸು ಮುಂದೆ, ಹಾರುವ ವಿಮಾನವೂ ಪರದೆಯ ಒಂದೇ ಜಾಗದಲ್ಲಿ ಕಾಣಿಸಬಹುದು. ಈ ತೊಡಕಿಗೆ ಪರಿಹಾರವೆಂದು ಆಟವನ್ನು ರಚಿಸಿದವರು ವಿಮಾನಕ್ಕೆ ನೆಲದ ಮೇಲೆ ನೆರಳನ್ನು ಕೊಟ್ಟರು. ಪರದೆಯ ಅಂಚಿನಲ್ಲಿ ಎತ್ತರದ ಮಾಪಕವನ್ನೂ ಇಟ್ಟರು. ಅನುಭವಸ್ಥ ಆಟಗಾರರು ಮುಂಚಿತವಾಗಿಯೇ ಗುಂಡು ಹಾರಿಸಿ, ಅದು ಗೋಡೆಗೆ ತಾಗಿತೇ ಕಂಡಿಯಲ್ಲಿ ದಾಟಿತೇ ಎಂದು ನೋಡಿ ಮುನ್ನಡೆಯುತ್ತಾರೆ.

ನಿಜಜೀವನದಲ್ಲಿ ನಮಗೆ ಇಷ್ಟು ಕಷ್ಟವಿಲ್ಲ. ಎರಡು ಕಣ್ಣುಗಳೂ ತುಸು ಬೇರೆಬೇರೆಯಾದ ನೋಟಗಳನ್ನು ಮೆದುಳಿಗೆ ಕಳುಹಿಸುತ್ತವೆ. ಮೆದುಳು ಆ ವ್ಯತ್ಯಾಸದಿಂದ ದೂರವನ್ನು ಅಳೆಯುತ್ತದೆ. ಚಪ್ಪಟೆ ಪರದೆಯ ಮುಂದಾದರೋ ಈ ಶಕ್ತಿಗೆ ಕೆಲಸವೇ ಇಲ್ಲ. ಅಲ್ಲಿ ಒಂದು ಕಣ್ಣಿಗೆ ತಿಳಿಯುವುದಕ್ಕಿಂತ ಹೆಚ್ಚಿನದು ಎರಡು ಕಣ್ಣುಗಳಿಗೂ ತಿಳಿಯದು.

ಗಮನಿಸಬೇಕಾದುದು ಇದನ್ನೇ. ‘ಸೋಮಾರಿ ಕಣ್ಣು’ ಎಂಬ ದೋಷವಿರುವ ಮಗುವಿನ ಮೆದುಳು ಒಂದು ಕಣ್ಣಿನ ನೋಟವನ್ನು ಕಡೆಗಣಿಸಿ, ಇನ್ನೊಂದರಿಂದಲೇ ಕೆಲಸ ಸಾಗಿಸುತ್ತದೆ. ಇದಕ್ಕೆ ಮೆಳ್ಳೆಗಣ್ಣು ಕಾರಣವಾಗಬಹುದು. ಎರಡು ಕಣ್ಣುಗಳ ಕನ್ನಡಕದ ನಂಬರಿನ ಅಂತರವೂ ಕಾರಣವಾಗಬಹುದು. ಎರಡನೆಯ ಸಂದರ್ಭದಲ್ಲಿ ಹೊರಗೆ ಯಾವ ಕುರುಹೂ ಕಾಣದು. ಮಗು ಓಡಾಡುತ್ತದೆ, ಓದುತ್ತದೆ, ಪರದೆಯ ಆಟಗಳಲ್ಲಿ ಗೆಲ್ಲುತ್ತಲೂ ಇರುತ್ತದೆ. ಆ ಗೆಲುವು ಕಣ್ಣಿನ ಆರೋಗ್ಯಕ್ಕೆ ಸಾಕ್ಷಿಯೆಂದು ನಂಬುವುದು ಅಪಾಯಕರ.

1987ರಲ್ಲಿ ಸೆಗಾ ಸಂಸ್ಥೆಯು ‘ಝಾಕ್ಸಾನ್ ತ್ರೀ-ಡಿ’ಯನ್ನು ತಂದಿತು. ಎಡಬಲ ಕಣ್ಣುಗಳನ್ನು ಅತಿವೇಗವಾಗಿ ಒಂದಾದ ಮೇಲೊಂದರಂತೆ ಮರೆಮಾಡುವ ಕನ್ನಡಕವನ್ನು ಧರಿಸಿ ಆಡಬೇಕಾದ ಆಟವದು. ಇಂಥ ಕನ್ನಡಕದಲ್ಲಿ ಆಳವನ್ನು ಕಾಣಲು ಎರಡು ಕಣ್ಣುಗಳೂ ಕೂಡಿ ದುಡಿಯಬೇಕು. ತ್ರೀ-ಡಿ ಚಲನಚಿತ್ರಕ್ಕೆ ಹೋದಾಗ ಮಗುವು “ನನಗೇನೂ ವಿಶೇಷ ಕಾಣಲಿಲ್ಲ” ಎಂದರೆ ನಕ್ಕು ಬಿಡದೆ ನೇತ್ರತಜ್ಞರಲ್ಲಿ ತೋರಿಸುವುದು ಲೇಸು.

ಮನೆಯಲ್ಲಿಯೇ ಒಂದು ಸುಲಭ ಪರೀಕ್ಷೆಯುಂಟು. ಒಂದೊಂದು ಕಣ್ಣನ್ನೇ ಮುಚ್ಚಿಸಿ, ಎದುರು ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸಬೇಕು. ಒಂದು ಕಣ್ಣಿಗೆ ತಿಳಿದುದು ಇನ್ನೊಂದಕ್ಕೆ ತಿಳಿಯದಿದ್ದರೆ, ಅಥವಾ ಒಂದು ಕಣ್ಣು ಮುಚ್ಚಿದೊಡನೆ ಮಗು ಕಿರಿಕಿರಿಗೊಂಡರೆ, ತಡಮಾಡಬಾರದು. ಈ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ ಶಾಲೆಗೆ ಸೇರಿಸುವ ಮುನ್ನ ಒಮ್ಮೆ ವೈದ್ಯರಿಂದ ತಪಾಸಣೆ ಮಾಡಿಸುವುದೇ ಕ್ಷೇಮ. ಸೂಕ್ತ ಕನ್ನಡಕ ಕೊಟ್ಟು, ಬಲವಾದ ಕಣ್ಣಿಗೆ ಕೆಲವು ಕಾಲ ಪಟ್ಟಿ ಕಟ್ಟಿ, ದುರ್ಬಲವಾದುದನ್ನು ದುಡಿಸುವುದೇ ಚಿಕಿತ್ಸೆ. ಏಳು ವರ್ಷದೊಳಗೆ ಆರಂಭಿಸಿದರೆ ಫಲ ಹೆಚ್ಚು; ವಯಸ್ಸು ಏರಿದಂತೆ ಅದು ಕಠಿಣವಾಗುತ್ತ ಹೋಗುತ್ತದೆ.